ಕಲ್ಲಂಗಡಿ ಗಾಡಿಯ ರಾಯಧನ: ಹರ್ಬಿ ಹ್ಯಾನ್‌ಕಾಕ್ ಮತ್ತು 1973ರ ತಿರುವು

1973ರ ಮೊದಲ ತಿಂಗಳುಗಳಲ್ಲಿ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ತಂಡದಲ್ಲಿ ಹಣವೊಂದನ್ನು ಬಿಟ್ಟು ಎಲ್ಲವೂ ಇತ್ತು. ಅಷ್ಟು ಸಾಹಸದ ಸಂಗೀತ ನುಡಿಸುತ್ತಿದ್ದ ಜಾಝ್ ತಂಡಗಳು ಅಮೆರಿಕದಲ್ಲಿ ಬೆರಳೆಣಿಕೆಯಷ್ಟಿದ್ದವು. ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದುವಷ್ಟು ವಾದಕರು ಪಳಗಿದ್ದರು. ಆದರೆ ಪ್ರವಾಸ ಹೊರಟರೆ ಖರ್ಚು ಹುಟ್ಟುತ್ತಿರಲಿಲ್ಲ. ಕೊರತೆಯನ್ನು ನಾಯಕರೇ ತಮ್ಮ ಕಿಸೆಯಿಂದ ತುಂಬಬೇಕಿತ್ತು. ಆ ಕಿಸೆಗೆ ಹಣ ಬರುತ್ತಿದ್ದದ್ದು ಈ ತಂಡದ ಸಂಗೀತದಿಂದಲ್ಲ, 1962ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ ಧ್ವನಿಮುದ್ರಿಸಿದ್ದ ‘ವಾಟರ್‌ಮೆಲನ್ ಮ್ಯಾನ್’ ಎಂಬ ಪುಟ್ಟ ಕೃತಿಯ ರಾಯಧನದಿಂದ.

ಅದೇ ವರ್ಷ ಅವರು ತಂಡವನ್ನು ವಿಸರ್ಜಿಸಿದರು, ಬೇರೆ ತಂಡ ಕಟ್ಟಿದರು, ಅಕ್ಟೋಬರ್‌ನಲ್ಲಿ ‘ಹೆಡ್ ಹಂಟರ್ಸ್’ ಎಂಬ ಆಲ್ಬಂ ಹೊರತಂದರು. ಜಾಝ್ ಆಲ್ಬಂಗಳು ಸಾಮಾನ್ಯವಾಗಿ ಕಾಲಿಡದ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿಯಲ್ಲಿ ಅದು 13ನೆಯ ಸ್ಥಾನಕ್ಕೆ ಏರಿತು. ಕ್ರಮೇಣ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿತು. ಆ ಆಲ್ಬಂನ ಎರಡನೆಯ ಕೃತಿ ಯಾವುದು ಎಂದರೆ, ಅದೇ ‘ವಾಟರ್‌ಮೆಲನ್ ಮ್ಯಾನ್’, ಗುರುತು ಸಿಗದ ವೇಷದಲ್ಲಿ.

ಹ್ಯಾನ್‌ಕಾಕ್ ಬಗ್ಗೆ ಬರೆಯುವವರೆಲ್ಲ ಒಂದು ಪಟ್ಟಿ ಕೊಡುತ್ತಾರೆ. ಹನ್ನೊಂದನೆಯ ವಯಸ್ಸಿನಲ್ಲಿ ಷಿಕಾಗೋ ಸಿಂಫನಿಯೊಂದಿಗೆ ಮೊಟ್ಸಾರ್ಟ್, ನಂತರ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ, ಫಂಕ್ (ಕುಣಿಸುವ ಲಯವೇ ಮುಖ್ಯವಾದ ಕರಿಯರ ಜನಪ್ರಿಯ ಸಂಗೀತ), ಹಿಪ್‌ಹಾಪ್, ಸಿನಿಮಾ ಸಂಗೀತ, ಆಸ್ಕರ್, ಗ್ರ್ಯಾಮಿ. ಕೊನೆಗೆ ‘ಬಹುಮುಖ ಪ್ರತಿಭೆ’ ಎಂದು ಮುಗಿಸುತ್ತಾರೆ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ಶಾಲಿನ ಜೊತೆಗೆ ಉಚಿತವಾಗಿ ಸಿಗುವ ಮಾತು ಅದು, ಏನನ್ನೂ ವಿವರಿಸುವುದಿಲ್ಲ. ಪ್ರತಿಭೆ ಇದ್ದವರು ಬೇಕಾದಷ್ಟು ಜನ ಇದ್ದರು. ಒಂದು ದಾರಿಯಲ್ಲಿ ಸೋತ ಮೇಲೆ ಇನ್ನೊಂದನ್ನು ಹಿಡಿಯುವಷ್ಟು ಅವಕಾಶ ಇವರಿಗೆ ಹೇಗೆ ಸಿಕ್ಕಿತು, ಆ ಸೋಲಿನ ಖರ್ಚನ್ನು ಯಾರು ಕೊಟ್ಟರು ಎಂಬುದು ನನ್ನ ಕುತೂಹಲ. 1973ರ ಪ್ರಕರಣ ಅದಕ್ಕೆ ಉತ್ತರ ಕೊಡುತ್ತದೆ.

ಓಣಿಗೆ ಬಂದ ಗಾಡಿ

ಹ್ಯಾನ್‌ಕಾಕ್ ಹುಟ್ಟಿದ್ದು 1940ರಲ್ಲಿ, ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ. ಏಳನೆಯ ವಯಸ್ಸಿಗೆ ಪಿಯಾನೋ ಶುರುವಾಯಿತು. ಅಯೊವಾದ ಗ್ರಿನೆಲ್ ಕಾಲೇಜಿಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ನಡುವೆ ಸಂಗೀತಕ್ಕೆ ಬದಲಾಯಿಸಿಕೊಂಡರು. ಎಂಜಿನಿಯರಿಂಗ್ ಹುಚ್ಚು ಮಾತ್ರ ಬಿಡಲಿಲ್ಲ. ಊರಿಗೆ ಮರಳಿ ಹಗಲು ಅಂಚೆ ಹಂಚುತ್ತ ರಾತ್ರಿ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದಾಗ ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಅವರ ಕಣ್ಣಿಗೆ ಬಿದ್ದರು. 1961ರ ಜನವರಿಯಲ್ಲಿ ಬರ್ಡ್ ಅವರೇ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ತಮ್ಮ ಮನೆಯಲ್ಲೇ ಇರಿಸಿಕೊಂಡರು.

ಒಂದು ವರ್ಷ ಕಳೆದ ಮೇಲೆ ಬರ್ಡ್, ಇನ್ನು ನಿನ್ನದೇ ಒಂದು ಧ್ವನಿಮುದ್ರಿಕೆ ಬರಬೇಕು ಎಂದು ಹಿಡಿದು ಕೂತರು. ಕಂಪನಿ ‘ಬ್ಲೂ ನೋಟ್’. ಅದು ಹೊಸಬರಿಂದ ಬಯಸುತ್ತಿದ್ದದ್ದು ಅರ್ಧ ಸ್ವಂತ ಕೃತಿಗಳು, ಅರ್ಧ ಜನರಿಗೆ ಗೊತ್ತಿರುವ ಸಂಗೀತ. ನಾಲ್ಕು ಕಾಸು ತರುವಂಥದ್ದೂ ಒಂದಿರಲಿ ಎಂದು ಹ್ಯಾನ್‌ಕಾಕ್ ಯೋಚಿಸಿದರು. ಯೋಚನೆಯಲ್ಲಿ ಕಪಟವಿರಲಿಲ್ಲ. ತಾನು ಕರಿಯರ ಬದುಕಿನ ಬಗ್ಗೆ ಬರೆಯುವುದಾದರೆ ತನಗೆ ನಿಜವಾಗಿ ಏನು ಗೊತ್ತು ಎಂದು ಕೇಳಿಕೊಂಡಾಗ ನೆನಪಾದದ್ದು ಬಾಲ್ಯದ ಓಣಿಯಲ್ಲಿ ಕಲ್ಲು ಹಾಸಿನ ಮೇಲೆ ಟಕಟಕ ಎನ್ನುತ್ತ ಬರುತ್ತಿದ್ದ ಕಲ್ಲಂಗಡಿ ಗಾಡಿ, ಅದನ್ನು ಎಳೆಯುವ ಕುದುರೆ, ಮನೆಯ ಹಿಂಬದಿಯಿಂದ ಮಾರುವವನನ್ನು ಕೂಗಿ ಕರೆಯುತ್ತಿದ್ದ ಹೆಂಗಸರು. ಚಕ್ರದ ಸದ್ದು ಪಿಯಾನೋದ ಲಯವಾಯಿತು, ಹೆಂಗಸರ ಕೂಗು ರಾಗದ ಎಳೆಯಾಯಿತು. ಕರಿಯರ ಹಾಡಿನ ಪರಂಪರೆಯಾದ ಬ್ಲೂಸ್ ಸಾಮಾನ್ಯವಾಗಿ 12 ಬಾರ್‌ಗಳ (ತಾಳದ ಅಳತೆಯ ತುಂಡುಗಳ) ಆವರ್ತ. ಇವರು ಅದನ್ನು 16ಕ್ಕೆ ಹಿಗ್ಗಿಸಿದರು.

ಹೆಸರಿಡುವಾಗ ಮಾತ್ರ ಅಳುಕಿದರು. ಕಲ್ಲಂಗಡಿ ನಮಗೆ ಬೇಸಿಗೆಯ ಹಣ್ಣು ಅಷ್ಟೇ. ಅಮೆರಿಕದಲ್ಲಿ ಕರಿಯರನ್ನು ಹೀಗಳೆಯುವ ವ್ಯಂಗ್ಯಚಿತ್ರಗಳಲ್ಲಿ, ನಾಟಕಗಳಲ್ಲಿ ಶತಮಾನಕ್ಕೂ ಮಿಕ್ಕಿ ಅದೇ ಹಣ್ಣನ್ನು ಅವರ ಕೈಗೆ ಕೊಟ್ಟು ನಕ್ಕಿದ್ದರು. ತನ್ನ ಓಣಿಯ ಮನುಷ್ಯನಿಗೆ ಇನ್ನಾರದೋ ಹೊಲಸು ನಗುವಿನ ಕಾರಣಕ್ಕೆ ಹೆಸರು ಬದಲಿಸುವುದೇ ಎಂದು ಕೊನೆಗೆ ಅದನ್ನೇ ಉಳಿಸಿಕೊಂಡರು.

ಈಗ ಪ್ರಕರಣದ ಕೀಲಿ. ಕಂಪನಿಗೆ ಹೋಗುವ ಮುನ್ನ ಬರ್ಡ್ ಒಂದು ಮಾತು ಹೇಳಿದ್ದರು: ಕೃತಿಗಳ ಪ್ರಕಾಶನ ಹಕ್ಕನ್ನು ಬಿಟ್ಟುಕೊಡಬೇಡ. ಅಮೆರಿಕದ ಸಂಗೀತ ವ್ಯಾಪಾರದಲ್ಲಿ ಒಂದು ಧ್ವನಿಮುದ್ರಿಕೆಯೊಳಗೆ ಎರಡು ಆಸ್ತಿಗಳಿವೆ. ಮುದ್ರಣಗೊಂಡ ಸದ್ದು ಕಂಪನಿಯದು. ನುಡಿಸಿದ ಕೃತಿ ಬೇರೆ ಆಸ್ತಿ. 1909ರ ಕಾಯ್ದೆಯ ಪ್ರಕಾರ ಮಾರಾಟವಾದ ಪ್ರತಿಯೊಂದಕ್ಕೆ ಆ ಕೃತಿಯ ಪಾಲು ಎರಡು ಸೆಂಟ್; 1978ರವರೆಗೆ ಆ ದರ ಕದಲಲಿಲ್ಲ. ರೂಢಿಯಂತೆ ಅದರಲ್ಲಿ ಅರ್ಧ ಬರೆದವರಿಗೆ, ಅರ್ಧ ಪ್ರಕಾಶಕರಿಗೆ. ರೇಡಿಯೋದಲ್ಲಿ ಪ್ರಸಾರವಾದರೂ ನುಡಿಸಿದವರಿಗೆ ಬಿಡಿಗಾಸಿಲ್ಲ; ಬರೆದವರಿಗೂ ಪ್ರಕಾಶಕರಿಗೂ ಪಾಲುಂಟು. ಬೇರೆ ಯಾರೋ, ಬೇರೆ ಕಂಪನಿಯಲ್ಲಿ ಅದೇ ಕೃತಿಯನ್ನು ನುಡಿಸಿದರೂ ಈ ಪಾಲು ಮೂಲದವರಿಗೇ ಹರಿಯುತ್ತದೆ. ಎಷ್ಟೋ ಹೊಸ ವಾದಕರು ಮುದ್ರಣದ ಅವಕಾಶ ಸಿಕ್ಕಿದ್ದೇ ಪುಣ್ಯ ಎಂದು ಪ್ರಕಾಶನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟು ಬರುತ್ತಿದ್ದರು.

ಹ್ಯಾನ್‌ಕಾಕ್ ಹೇಳಿಕೊಂಡಿರುವಂತೆ, ಬ್ಲೂ ನೋಟ್‌ನವರು ಹಕ್ಕು ಕೇಳಿದಾಗ ಅವರು ಆಗಲೇ ತಮ್ಮದೇ ಪ್ರಕಾಶನ ಸಂಸ್ಥೆಗೆ ಕೊಟ್ಟಾಗಿದೆ ಎಂದರು. ಹಾಗಾದರೆ ಧ್ವನಿಮುದ್ರಣ ಆಗದು ಎಂಬ ಉತ್ತರ ಬಂತು. ಇವರು ಎದ್ದು ಬಾಗಿಲ ಕಡೆ ನಡೆದರು. ಬಾಗಿಲು ದಾಟುವ ಮೊದಲೇ ಕಂಪನಿಯವರು ಮನಸ್ಸು ಬದಲಿಸಿದರು. ಅಷ್ಟೇ ಘಟನೆ. 1962ರ ಮೇ 28ರಂದು ‘ಟೇಕಿನ್ ಆಫ್’ ಆಲ್ಬಂ ಮುದ್ರಣವಾಯಿತು. ಡೆಕ್ಸ್‌ಟರ್ ಗಾರ್ಡನ್ ಅವರ ಸ್ಯಾಕ್ಸೊಫೋನ್, ಫ್ರೆಡ್ಡಿ ಹಬ್ಬರ್ಡ್ ಅವರ ಟ್ರಂಪೆಟ್, ಬುಚ್ ವಾರನ್ ಅವರ ಬೇಸ್, ಬಿಲ್ಲಿ ಹಿಗ್ಗಿನ್ಸ್ ಅವರ ಡ್ರಮ್ಸ್.

ದುಡ್ಡು ತಂದದ್ದು ಈ ಮುದ್ರಣವಲ್ಲ. ಕ್ಯೂಬಾ ಮೂಲದ ತಾಳವಾದ್ಯಗಾರ ಮೊಂಗೊ ಸಾಂಟಮರಿಯಾ ಅವರ ತಂಡದಲ್ಲಿ ಹ್ಯಾನ್‌ಕಾಕ್ ಕೆಲವು ದಿನ ಬದಲಿ ಪಿಯಾನೋ ವಾದಕರಾಗಿದ್ದರು. ಬ್ರಾಂಕ್ಸ್‌ನ ಕ್ಲಬ್ಬೊಂದರಲ್ಲಿ ಬಿಡುವಿನ ವೇಳೆ ಬರ್ಡ್ ಒತ್ತಾಯಕ್ಕೆ ಈ ಕೃತಿಯನ್ನು ನುಡಿಸಿ ತೋರಿಸಿದರು. ಮೊಂಗೊ ತಂಡದವರು ಒಬ್ಬೊಬ್ಬರಾಗಿ ಸೇರಿಕೊಂಡರು, ಜನ ಕುಣಿಯಲು ಎದ್ದರು. ಮೊಂಗೊ ಮುದ್ರಿಸಿದ ರೂಪ 1963ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 10ನೆಯ ಸ್ಥಾನಕ್ಕೆ ಹೋಯಿತು. ಮಾರಾಟವಾದ ಪ್ರತಿಯೊಂದರ ಎರಡು ಸೆಂಟೂ ಒಬ್ಬರದೇ ಮನೆಗೆ. ಆ ಹಣದಲ್ಲಿ ಹ್ಯಾನ್‌ಕಾಕ್ ಒಂದು ಕೋಬ್ರಾ ಸ್ಪೋರ್ಟ್ಸ್ ಕಾರು ಕೊಂಡರು. ಇಪ್ಪತ್ಮೂರರ ಹುಡುಗ ಇನ್ನೇನು ಮಾಡಿಯಾನು?

ಏಳು ಜನ, ಮೂರು ಕೃತಿ

1963ರಿಂದ 1968ರವರೆಗಿನ ಮೈಲ್ಸ್ ಡೇವಿಸ್ ಅಧ್ಯಾಯವನ್ನು ಬೇಗ ದಾಟುತ್ತೇನೆ. ರಾನ್ ಕಾರ್ಟರ್, ಟೋನಿ ವಿಲಿಯಮ್ಸ್, ವೇಯ್ನ್ ಶಾರ್ಟರ್ ಜೊತೆಗಿನ ಆ ಐವರ ತಂಡದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಒಂದು ದಿನದ ಸಂಗತಿ. 1968ರಲ್ಲಿ ಸ್ಟುಡಿಯೋಗೆ ಬಂದ ಹ್ಯಾನ್‌ಕಾಕ್ ಪಿಯಾನೋ ಎಲ್ಲಿ ಎಂದು ಸುತ್ತ ನೋಡಿದರು. ಮೈಲ್ಸ್ ಮೂಲೆಯಲ್ಲಿದ್ದ ಎಲೆಕ್ಟ್ರಿಕ್ ಪಿಯಾನೋ ಕಡೆ ಕೈ ತೋರಿಸಿದರು. ಆಟದ ಸಾಮಾನು ಎಂದು ಅದುವರೆಗೆ ಕಡೆಗಣಿಸಿದ್ದ ಹ್ಯಾನ್‌ಕಾಕ್ ಒಂದು ಸ್ವರಮೇಳ ಒತ್ತಿ ನೋಡಿದರು, ಮರುಳಾದರು. ಗ್ರಿನೆಲ್‌ನಲ್ಲಿ ಮಡಚಿಟ್ಟಿದ್ದ ಎಂಜಿನಿಯರಿಂಗ್ ಪುಸ್ತಕ ಮತ್ತೆ ತೆರೆದಂತಾಯಿತು.

ಈ ನಡುವೆ ಅವರು ಜಾಹೀರಾತಿಗೂ ಬರೆದರು, ಸಿನಿಮಾಗೂ ಬರೆದರು. ಇಂದು ಜಾಝ್ ಕಲಿಯುವವರೆಲ್ಲ ಭಕ್ತಿಯಿಂದ ನುಡಿಸುವ ‘ಮೇಡನ್ ವಾಯೇಜ್’ ಹುಟ್ಟಿದ್ದು ಸುಗಂಧದ್ರವ್ಯದ ಟಿವಿ ಜಾಹೀರಾತಿಗಾಗಿ. 1966ರಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ‘ಬ್ಲೋ-ಅಪ್’ ಚಿತ್ರಕ್ಕೆ ಸಂಗೀತ ಕೊಟ್ಟರು. ಮಾರುಕಟ್ಟೆಗೂ ಕಲೆಗೂ ನಡುವೆ ಗೋಡೆ ಕಟ್ಟಿಕೊಂಡವರು ಅವರಲ್ಲ. 1973ರ ತಿರುವನ್ನು ಹಠಾತ್ ಪತನ ಎಂದು ಬಣ್ಣಿಸಿದವರು ಇದನ್ನು ಮರೆತರು.

ಸ್ವಂತ ತಂಡ ಮಾತ್ರ ಮಾರುಕಟ್ಟೆಗೆ ಬೆನ್ನು ಹಾಕಿ ಹೊರಟಿತು. ವಾದಕರು ಸ್ವಾಹಿಲಿ ಭಾಷೆಯ ಹೆಸರುಗಳನ್ನು ಇಟ್ಟುಕೊಂಡಿದ್ದರು. ಹ್ಯಾನ್‌ಕಾಕ್ ‘ಮ್ವಾಂದಿಶಿ’, ಅಂದರೆ ಬರೆಯುವವನು. ಟ್ರಂಪೆಟ್ ವಾದಕ ಎಡ್ಡಿ ಹೆಂಡರ್ಸನ್ ‘ಮ್ಗಾಂಗಾ’, ಅಂದರೆ ವೈದ್ಯ. ಅವರು ನಿಜವಾಗಿಯೂ ವೈದ್ಯಕೀಯ ಓದಿದ ಡಾಕ್ಟರು. ಬೇಸ್‌ಗೆ ಬಸ್ಟರ್ ವಿಲಿಯಮ್ಸ್, ಡ್ರಮ್ಸ್‌ಗೆ ಬಿಲ್ಲಿ ಹಾರ್ಟ್, ಟ್ರಾಂಬೋನ್‌ಗೆ ಜೂಲಿಯನ್ ಪ್ರೀಸ್ಟರ್, ಬೇಸ್ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್‌ಗೆ ಬೆನ್ನಿ ಮೌಪಿನ್. ನಂತರ ಏಳನೆಯವರಾಗಿ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್ ಹೊತ್ತು ಪ್ಯಾಟ್ರಿಕ್ ಗ್ಲೀಸನ್ ಬಂದರು. 1971ರಲ್ಲಿ ಬಂದ ‘ಮ್ವಾಂದಿಶಿ’ ಆಲ್ಬಂನ ಮೊದಲ ಕೃತಿ, ಆಗ ಜೈಲಿನಲ್ಲಿದ್ದ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರಿಗೆ ಅರ್ಪಿತ, ಹದಿನೈದು ಎಣಿಕೆಯ ಆವರ್ತದಲ್ಲಿದೆ. ಈ ಲೆಕ್ಕ ತಾಳ ಹಾಕಿ ಅಭ್ಯಾಸವಿರುವ ನಮ್ಮ ಕೇಳುಗರಿಗೆ ಅಷ್ಟು ಕಷ್ಟವಾಗದು. ನಾಲ್ಕರ ಎಣಿಕೆಯಲ್ಲೇ ಬೆಳೆದ ಅಮೆರಿಕದ ಕೇಳುಗರಿಗೆ ಕಾಲೂರಲು ನೆಲವೇ ಸಿಕ್ಕದಂತಾಗಿರಬೇಕು.

‘ಮ್ವಾಂದಿಶಿ’, ‘ಕ್ರಾಸಿಂಗ್ಸ್’, ‘ಸೆಕ್ಸ್‌ಟಂಟ್’. ಮೂರು ಆಲ್ಬಂ, ಒಂದೊಂದರಲ್ಲಿ ಮೂರೇ ಕೃತಿ, ಕೆಲವು ಇಪ್ಪತ್ತು ನಿಮಿಷ ದಾಟುತ್ತವೆ. ಮೂರು ನಿಮಿಷದ ಹಾಡು ಹಾಕುವ ರೇಡಿಯೋ ಇದನ್ನು ಎಲ್ಲಿ ಹಾಕಬೇಕು? ರೇಡಿಯೋ ಇಲ್ಲವೆಂದರೆ ರಾಯಧನವೂ ಇಲ್ಲ, ಮುಂದಿನ ಊರಿನಲ್ಲಿ ಟಿಕೆಟ್ ಕೊಳ್ಳುವವರೂ ಇಲ್ಲ. ಜಾಝ್ ಕ್ಲಬ್ಬು ಎಂದರೆ ಚಿಕ್ಕ ಕೋಣೆ. ಕುರ್ಚಿಗಳು ಭರ್ತಿಯಾದರೂ ಬರುವ ಹಣಕ್ಕೊಂದು ಮಿತಿ. ಇತ್ತ ಏಳು ವಾದಕರು, ಧ್ವನಿ ತಂತ್ರಜ್ಞರು, ನಾಲ್ಕು ದಿಕ್ಕಿನಿಂದ ಸದ್ದು ಬರುವಂಥ ಸ್ಪೀಕರ್ ವ್ಯವಸ್ಥೆ, ಹೊತ್ತು ತಿರುಗಿದರೆ ಶ್ರುತಿ ತಪ್ಪುವ ಸಿಂಥಸೈಜರ್‌ಗಳು. ನಮ್ಮ ವೃತ್ತಿ ನಾಟಕ ಕಂಪನಿಗಳ ಮಾಲೀಕರು ಕಂಡ ಸಂಕಟವೇ ಇದು: ಆಟ ಚೆನ್ನಾಗಿ ಆದಷ್ಟೂ ಪರಿವಾರ ದೊಡ್ಡದಾಗುತ್ತದೆ, ಪರಿವಾರ ದೊಡ್ಡದಾದಷ್ಟೂ ಸಾಲ ಬೆಳೆಯುತ್ತದೆ.

ಕಲ್ಲಂಗಡಿ ಗಾಡಿ ಆ ವರ್ಷಗಳಲ್ಲಿ ಈ ತಂಡವೆಂಬ ಅಂತರಿಕ್ಷ ನೌಕೆಯನ್ನು ಎಳೆಯುತ್ತಿತ್ತು ಎನ್ನಬಹುದು. ಪ್ರಕಾಶನ ಹಕ್ಕನ್ನು ಅಂದು ಬರೆದುಕೊಟ್ಟಿದ್ದರೆ ಈ ತಂಡ ಇಷ್ಟು ಕಾಲ ಬಾಳುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಈ ಮೂರು ಆಲ್ಬಂಗಳನ್ನು ಇಂದು ಎಲೆಕ್ಟ್ರಾನಿಕ್ ಸಂಗೀತದವರು ಮೂಲಗ್ರಂಥದಂತೆ ಹುಡುಕಿ ಕೇಳುತ್ತಾರೆ. ಅವುಗಳ ಖರ್ಚಿನ ಪುಸ್ತಕದಲ್ಲಿ 1962ರ ಒಂದು ‘ಇಲ್ಲ’ ಜಮೆಯಾಗಿದೆ.

ಸಂಕೋಚದ ಮೂಲ

ರಾಯಧನಕ್ಕೂ ಒಂದು ತಳವಿದೆ. 1973ರಲ್ಲಿ ತಂಡವನ್ನು ವಿಸರ್ಜಿಸುವುದು ಅನಿವಾರ್ಯವಾಯಿತು. ಆದರೆ ಮುಂದೇನು ಎಂಬ ಪ್ರಶ್ನೆಗೆ ಹಣದ ಲೆಕ್ಕ ಉತ್ತರ ಕೊಡುವುದಿಲ್ಲ. ಮೂವರನ್ನಿಟ್ಟುಕೊಂಡು ಹಳೆಯ ಅಕೂಸ್ಟಿಕ್ ಜಾಝ್‌ಗೆ ಮರಳಿದ್ದರೆ ಖರ್ಚೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

1972ರಲ್ಲಿ ಬಸ್ಟರ್ ವಿಲಿಯಮ್ಸ್ ಮೂಲಕ ಹ್ಯಾನ್‌ಕಾಕ್ ನಿಚಿರೆನ್ ಬೌದ್ಧ ಪಂಥಕ್ಕೆ ಬಂದಿದ್ದರು. ಸಿಯಾಟಲ್‌ನಲ್ಲಿ ಒಂದು ರಾತ್ರಿ ವಿಲಿಯಮ್ಸ್ ನುಡಿಸಿದ್ದನ್ನು ಕೇಳಿ ಬೆರಗಾಗಿ, ಇಂಥ ಶಕ್ತಿ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ‘ನಮ್ ಮ್ಯೊಹೊ ರೆಂಗೆ ಕ್ಯೊ’ ಎಂಬ ಜಪ. ಮುಂದಿನ ದಾರಿ ಯಾವುದು ಎಂದು ಮರುವರ್ಷ ಜಪಕ್ಕೆ ಕೂತಾಗ ಅವರ ಕಿವಿಯೊಳಗೆ ಮೊಳಗಿದ್ದು ಫಂಕ್ ಗಾಯಕ ಸ್ಲೈ ಸ್ಟೋನ್ ಅವರ ಹಾಡು. ತಾವು ಸ್ಲೈ ತಂಡದಲ್ಲಿ ಕೂತು ನುಡಿಸುತ್ತಿರುವ ಚಿತ್ರ ಕಣ್ಣಮುಂದೆ ಬಂತು. ಅದು ಖುಷಿಯಾಯಿತು. ಆಮೇಲೆ ಚಿತ್ರ ತಿರುಗಿತು: ತಮ್ಮದೇ ತಂಡ, ನುಡಿಸುತ್ತಿರುವುದು ಸ್ಲೈ ಬಗೆಯ ಸಂಗೀತ. ಈಗ ಹೊಟ್ಟೆಯಲ್ಲಿ ಏನೋ ಸಂಕೋಚ.

ಇದನ್ನು ದೈವಪ್ರೇರಣೆ ಎಂದು ಓದುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಸಂಕೋಚವನ್ನು ಅವರು ಸುಮ್ಮನೆ ಬಿಡದಿದ್ದದ್ದು. ಇನ್ನೊಬ್ಬರ ತಂಡದಲ್ಲಿ ಚೆಂದ ಎನಿಸಿದ್ದು ನನ್ನದರಲ್ಲಿ ಯಾಕೆ ಕೀಳು ಎನಿಸುತ್ತದೆ ಎಂದು ಕೇಳಿಕೊಂಡಾಗ, ತಾವು ಯಾವ ಜಾಝ್ ಪಂಡಿತರ ಜಂಬವನ್ನು ಕಂಡು ಸಿಡುಕುತ್ತಿದ್ದರೋ ಅದೇ ಜಂಬ ತಮ್ಮೊಳಗೂ ಕೂತಿರುವುದು ಕಾಣಿಸಿತು. ರಾಗ ಹಾಡುವವರು ಭಾವಗೀತೆ ಹಾಡಿದರೆ ಹುಬ್ಬೇರಿಸುವ ನಮ್ಮ ಸಭೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ತಂಡದಿಂದ ಬೆನ್ನಿ ಮೌಪಿನ್ ಒಬ್ಬರನ್ನು ಮಾತ್ರ ಉಳಿಸಿಕೊಂಡರು. ಫಂಕ್ ನುಡಿಸಬಲ್ಲ ಜಾಝ್ ವಾದಕರಲ್ಲ, ಜಾಝ್ ಗೊತ್ತಿರುವ ಫಂಕ್ ವಾದಕರು ಬೇಕು ಎಂದು ಹುಡುಕಿದರು. ಪೌಲ್ ಜಾಕ್ಸನ್ ಬೇಸ್‌ಗೆ, ಹಾರ್ವಿ ಮೇಸನ್ ಡ್ರಮ್ಸ್‌ಗೆ, ಬಿಲ್ ಸಮರ್ಸ್ ಇತರ ತಾಳವಾದ್ಯಗಳಿಗೆ. ಕೂಡಿದರೆ ಐದೇ ಜನ. ಗಿಟಾರ್ ವಾದಕರಿಲ್ಲ, ಆ ಕೆಲಸವನ್ನು ಹ್ಯಾನ್‌ಕಾಕ್ ತಮ್ಮ ಕ್ಲ್ಯಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಲಿಮಣೆ ವಾದ್ಯದಲ್ಲಿ ತಾವೇ ಮಾಡಿದರು.

ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಧ್ವನಿಮುದ್ರಣ. ಮೊದಲ ಕೃತಿ ‘ಕಮೀಲಿಯನ್’ ಶುರುವಾಗುವುದು ಸಿಂಥಸೈಜರ್‌ನಲ್ಲಿ ಹ್ಯಾನ್‌ಕಾಕ್ ನುಡಿಸುವ ಒಂದು ತಗ್ಗುಸ್ವರದ ಸಾಲಿನಿಂದ. ಒಮ್ಮೆ ಕೇಳಿದರೆ ದಿನವಿಡೀ ತಲೆಯಿಂದ ಇಳಿಯದ ಸಾಲು. ಆಧಾರಕ್ಕೆ ಎರಡೇ ಸ್ವರಮೇಳ. ಮೇಲೆ ಒಂದೊಂದೇ ವಾದ್ಯ ಬಂದು ತನ್ನ ಚಿಕ್ಕ ಮಾತನ್ನು ಹೇಳುತ್ತ ಕೂಡಿಕೊಳ್ಳುತ್ತದೆ. ಯಾವುದೂ ಇನ್ನೊಂದರ ಕಾಲು ತುಳಿಯುವುದಿಲ್ಲ. ಆದರೆ ಕೃತಿಯ ಉದ್ದ ಹದಿನೈದು ನಿಮಿಷಕ್ಕೂ ಹೆಚ್ಚು! ನಡುವೆ ಲಯವೇ ಬದಲಾಗಿ ಎಲೆಕ್ಟ್ರಿಕ್ ಪಿಯಾನೋದಲ್ಲಿ ಉದ್ದದ ಮನೋಧರ್ಮ (ಸ್ಥಳದಲ್ಲೇ ಕಟ್ಟುವ ಸಂಗೀತ) ಬರುತ್ತದೆ. ಮಾರಿಕೊಂಡವನು ಇಷ್ಟು ಉದ್ದ ನುಡಿಸುವುದಿಲ್ಲ. ಆಲ್ಬಂನಲ್ಲಿ ಒಟ್ಟು ನಾಲ್ಕೇ ಕೃತಿ; ಮೂರನೆಯದರ ಹೆಸರೇ ‘ಸ್ಲೈ’. ‘ಕಮೀಲಿಯನ್’ ರಚನೆಯ ಶ್ರೇಯಸ್ಸು ಹ್ಯಾನ್‌ಕಾಕ್ ಜೊತೆಗೆ ಜಾಕ್ಸನ್, ಮೇಸನ್, ಮೌಪಿನ್ ಅವರಿಗೂ ಸೇರಿದೆ. ಹಕ್ಕಿನ ಬೆಲೆ ಬಲ್ಲ ನಾಯಕ ನಾಲ್ವರ ಹೆಸರು ಹಾಕಿದ್ದನ್ನು ಗಮನಿಸಬೇಕು.

ಜಾಝ್ ವಿಮರ್ಶಕರಲ್ಲಿ ಹಲವರು ಮಾರಿಕೊಂಡ ಎಂದೇ ಬರೆದರು. ನನ್ನ ತಕರಾರು ಈ ಆಲ್ಬಂ ಬಗ್ಗೆ ಅಲ್ಲ, ಅದರ ನಂತರ ಬಂದ ಕೆಲವು ಮುದ್ರಣಗಳ ಬಗ್ಗೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕೊರಳನ್ನು ಯಂತ್ರದ ದನಿಯಾಗಿಸುವ ವೋಕೋಡರ್ ಮೂಲಕ ಅವರು ಹಾಡಿದ ಡಿಸ್ಕೋ ಮುದ್ರಣಗಳಲ್ಲಿ ಯಂತ್ರದ ಮೇಲಿನ ಮೋಹ ಸಂಗೀತಕ್ಕಿಂತ ಮುಂದೆ ನಿಂತಿದೆ. ಅದೇ ವರ್ಷಗಳಲ್ಲಿ ಪಿಯಾನೋ ವಾದಕ ಚಿಕ್ ಕೊರಿಯಾ ಜೊತೆ ಎರಡೇ ಪಿಯಾನೋ ಇಟ್ಟುಕೊಂಡು ಕಛೇರಿ ಕೊಟ್ಟವರೂ ಅವರೇ ಎಂಬುದರಿಂದ ನನ್ನ ಸಿಟ್ಟು ಅರ್ಧಕ್ಕೆ ನಿಲ್ಲುತ್ತದೆ. 1976ರ ಜೂನ್ 29ರಂದು ನ್ಯೂಪೋರ್ಟ್ ಉತ್ಸವದ ಅಂಗವಾಗಿ ನ್ಯೂಯಾರ್ಕಿನ ಸಿಟಿ ಸೆಂಟರ್‌ನಲ್ಲಿ ಅವರು ಒಂದೇ ರಾತ್ರಿ ಮೂರು ತಂಡಗಳನ್ನು ವೇದಿಕೆಗೆ ತಂದರು: ಮೈಲ್ಸ್ ಬದಲು ಫ್ರೆಡ್ಡಿ ಹಬ್ಬರ್ಡ್ ಇದ್ದ ಹಳೆಯ ಐವರು, ಮ್ವಾಂದಿಶಿ ತಂಡ, ಅದರ ನಂತರದ ಹೆಡ್‌ಹಂಟರ್ಸ್ ತಂಡ. ಕೆಲಸ ಕಳೆದುಕೊಂಡಿದ್ದ ಹೆಂಡರ್ಸನ್, ಹಾರ್ಟ್ ಮೊದಲಾದವರು ಮೂರು ವರ್ಷದ ಮೇಲೆ ಮತ್ತೆ ಬಂದು ನುಡಿಸಿದರು. ಮುಂದೆ 1983ರಲ್ಲಿ ಡಿಜೆಯೊಬ್ಬರು ರೆಕಾರ್ಡು ಉಜ್ಜುವ ಸದ್ದಿನ ‘ರಾಕಿಟ್’, 1987ರಲ್ಲಿ ‘ರೌಂಡ್ ಮಿಡ್‌ನೈಟ್’ ಚಿತ್ರದ ಸಂಗೀತಕ್ಕೆ ಆಸ್ಕರ್, 2008ರಲ್ಲಿ ಜೋನಿ ಮಿಚೆಲ್ ಹಾಡುಗಳ ಆಲ್ಬಂಗೆ ವರ್ಷದ ಆಲ್ಬಂ ಗ್ರ್ಯಾಮಿ.

ಬೀರ್ ಬಾಟಲಿ

1973ರ ‘ವಾಟರ್‌ಮೆಲನ್ ಮ್ಯಾನ್’ಗೆ ಮರಳುತ್ತೇನೆ. ಅದನ್ನು ಹೊಸದಾಗಿ ಹೊಂದಿಸಿದವರು ಹಾರ್ವಿ ಮೇಸನ್. 1962ರ ಗಾಡಿ ಚುರುಕಾಗಿ ಓಡುತ್ತಿತ್ತು. ಇದು ಮಧ್ಯಾಹ್ನದ ಬಿಸಿಲಿಗೆ ಸೋತಂತೆ ನಿಧಾನ ಹೆಜ್ಜೆಯದು. ಹೆಂಗಸರ ಕೂಗು ತುಂಬ ತಡವಾಗಿ, ಮುಸುಕಿನೊಳಗಿಂದ ಬರುತ್ತದೆ. ಆರಂಭದಲ್ಲಿ ಕೇಳುವುದು ಪಿಯಾನೋ ಅಲ್ಲವೇ ಅಲ್ಲ. ಒಂದೇ ಸ್ವರದ ಸಿಳ್ಳು, ಅದರ ಬೆನ್ನಿಗೇ ಮನುಷ್ಯನ ಕೊರಳು, ಮತ್ತೆ ಸಿಳ್ಳು, ಮತ್ತೆ ಕೊರಳು. ಹೀಗೆ ನೇಯ್ದ ಜಾಲದೊಳಕ್ಕೆ ಬೇಸ್ ಗಿಟಾರ್ ಮೆಲ್ಲಗೆ ಇಳಿಯುತ್ತದೆ.

ಈ ಸಿಳ್ಳಿನ ಕಲ್ಪನೆ ಬಿಲ್ ಸಮರ್ಸ್ ಅವರದು. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ವಾಸಿಸುವ ಬಾ-ಬೆಂಜೆಲೆ ಜನ ಒಂದೇ ಸ್ವರ ಹೊರಡುವ ಪುಟ್ಟ ಕೊಳವೆಯನ್ನೂ ಕೊರಳನ್ನೂ ಪರ್ಯಾಯವಾಗಿ ಬಳಸಿ ಕಟ್ಟುವ ‘ಹಿಂದೆವ್ಹು’ ಎಂಬ ಸಂಗೀತ ಅದು. ಸಿಮ್ಹಾ ಆರೋಮ್ ಮೊದಲಾದ ಸಂಶೋಧಕರು ಆ ಜನರ ನಡುವೆ ಮಾಡಿದ ಧ್ವನಿಮುದ್ರಣ 1966ರಲ್ಲಿ ಹೊರಬಂದಿತ್ತು. ಸಮರ್ಸ್ ಅದನ್ನು ಕೇಳಿದ್ದರು. ಕೊಳವೆಯ ಬದಲು ಬೀರ್ ಬಾಟಲಿಯ ಬಾಯಿಗೆ ಊದಿ ಅದೇ ನೇಯ್ಗೆಯನ್ನು ಸ್ಟುಡಿಯೋದಲ್ಲಿ ಮರುಸೃಷ್ಟಿಸಿದರು. ಕೃತಿಯ ಅತ್ಯಂತ ಸುಂದರ ಭಾಗ ಇದೇ. ಮೊದಲ ಬಾರಿ ಕೇಳಿದವರು ಉಳಿದದ್ದನ್ನು ಮರೆತರೂ ಆ ಬಾಟಲಿಯನ್ನು ಮರೆಯುವುದಿಲ್ಲ.

ಕಾಯ್ದೆಯ ಪ್ರಕಾರ ಕೃತಿ ಹ್ಯಾನ್‌ಕಾಕ್ ಅವರದು, 1962ರಿಂದ. ಬರೆದವರು ಇಂಥವರು ಎಂದು ಹೇಳಲಾಗದ, ಕಾಗದದ ಮೇಲೆ ಎಂದೂ ಇಳಿಯದ ಸಂಗೀತಕ್ಕೆ ಆ ಕಾಯ್ದೆಯಲ್ಲಿ ಖಾತೆಯೇ ಇಲ್ಲ. ಬರ್ಡ್ ಕೊಟ್ಟಂಥ ಸಲಹೆಯನ್ನು ಬಾ-ಬೆಂಜೆಲೆಯವರಿಗೆ ಯಾರೂ ಕೊಡಲಿಲ್ಲ. ಕೊಟ್ಟಿದ್ದರೂ ಎದ್ದು ನಡೆಯಲು ಅಲ್ಲಿ ಬಾಗಿಲಿರಲಿಲ್ಲ. 1994ರಲ್ಲಿ ಗಾಯಕಿ ಮಡೋನಾ ತಮ್ಮ ‘ಸ್ಯಾಂಕ್ಚುಯರಿ’ ಹಾಡಿಗೆ 1973ರ ಈ ಮುದ್ರಣದ ತುಣುಕನ್ನು ಬಳಸಿಕೊಂಡರು. ಹಾಡಿನ ರಚನಕಾರರ ಪಟ್ಟಿಗೆ ಹ್ಯಾನ್‌ಕಾಕ್ ಹೆಸರು ಸೇರಿತು.